ಬೆನ್ನುಹುರಿಯ ರಕ್ತನಾಳದ ಗಂಟಿಗೆ ‘ಕರೆಂಟ್’ ಕೊಡಬಹುದೇ?

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ, ಕಾಲುಗಳ ಬಲ ಕುಂದುವುದಕ್ಕೆ ಬೆನ್ನುಹುರಿಯ ರಕ್ತನಾಳಗಳ ದೋಷವೂ ಕಾರಣವಾಗಿರಬಹುದು ಎಂದು ನಾಲ್ಕು ಸಾಲು ಬರೆದಿದ್ದೆ. ಇದು ಅಪರೂಪದ ಕಾಯಿಲೆ. ಆದರೂ ಕೊಡಗಿನಿಂದಲೇ ಐದು ಪತ್ರಗಳು ಬಂದಿವೆ, ಐದೂ ವಿಕಿರಣ ಚಿಕಿತ್ಸೆಯ ಸುತ್ತಲೇ ಇವೆ. ಹೆಸರುಗಳನ್ನು ಬಿಟ್ಟು, ಪತ್ರಗಳನ್ನು ಸ್ವಲ್ಪ ಕಿರಿದುಗೊಳಿಸಿ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗಳಿಗೆ 24 ವರ್ಷ. ಕಳೆದ ಹುತ್ತರಿಯ ಹಿಂದಿನ ದಿನ ಅಡುಗೆಮನೆಯಲ್ಲಿ ನಿಂತಿದ್ದವಳಿಗೆ ಎರಡು ಹೆಗಲ ನಡುವೆ ಚೂರಿ ಹಾಕಿದಂಥ ನೋವು ಬಂತು. ಅರ್ಧ ಗಂಟೆಯೊಳಗೆ ಎರಡೂ ಕಾಲು ಸೋತವು. ಬೆನ್ನುಹುರಿಯ ಒಳಗೆ ರಕ್ತನಾಳಗಳ ಗಂಟು ಇದೆ, ಅದು ಒಡೆದು ರಕ್ತ ಸೋರಿದೆ ಎಂದರು. ಈಗ ಊರುಗೋಲು ಹಿಡಿದು ನಡೆಯುತ್ತಾಳೆ. ತೊಡೆಸಂದಿನಿಂದ ಕೊಳವೆ ಹಾಕಿ ಒಮ್ಮೆ ಅಂಟು ತುಂಬಿದರು, ಗಂಟು ಪೂರ್ತಿ ಮುಚ್ಚಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಹೆಚ್ಚು, ವಿಕಿರಣ ಕೊಟ್ಟು ನೋಡೋಣ ಎನ್ನುತ್ತಿದ್ದಾರೆ. ಕರೆಂಟ್ ಕೊಡುವುದು ಕ್ಯಾನ್ಸರಿಗಲ್ಲವೇ? ಮುಂದೆ ಅವಳ ಮದುವೆ, ಮಕ್ಕಳ ಗತಿ ಏನು? (ಸೋಮವಾರಪೇಟೆ ತಾಲ್ಲೂಕಿನ ತಾಯಿಯೊಬ್ಬರು)

ಉತ್ತರ: ತಾಯಿ, ಮೊದಲು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಿ. ನಿಮ್ಮ ಮಗಳಿಗೆ ಇರುವುದು ಕ್ಯಾನ್ಸರ್ ಅಲ್ಲ. ಅದು ಬೆಳೆದು ಬೇರೆ ಕಡೆ ಹಬ್ಬುವ ಗಡ್ಡೆಯೂ ಅಲ್ಲ. ಸಾಮಾನ್ಯವಾಗಿ ಅಪಧಮನಿಯ ರಕ್ತವು ಕೂದಲಿಗಿಂತ ತೆಳುವಾದ ಲೋಮನಾಳಗಳಲ್ಲಿ ಹರಡಿ, ವೇಗ ಕಳೆದುಕೊಂಡು, ಆಮೇಲೆ ಅಭಿಧಮನಿಗೆ ಸೇರುತ್ತದೆ. ಎವಿಎಂ ಎಂದು ಕರೆಯುವ ಈ ಗಂಟಿನಲ್ಲಿ ನಡುವಿನ ಲೋಮನಾಳಗಳೇ ಇರುವುದಿಲ್ಲ. ನಿಮ್ಮ ಊರಿನ ಗದ್ದೆಗಳನ್ನು ನೆನೆಸಿಕೊಳ್ಳಿ: ಬೆಟ್ಟದ ತೋಡಿನ ನೀರು ಮೇಲಿನ ಮಡಿಗೆ ಇಳಿದು, ಅಲ್ಲಿ ಹರಡಿ, ಸಣ್ಣ ಕಂಡಿಯಿಂದ ಮುಂದಿನ ಮಡಿಗೆ ಹೋಗುತ್ತದೆ. ತೋಡನ್ನೇ ನೇರವಾಗಿ ಕೆಳಗಿನ ಗದ್ದೆಗೆ ತಿರುಗಿಸಿದರೆ ನಡುವಿನ ಮಡಿಗಳು ಒಣಗುತ್ತವೆ, ಕೆಳಗಿನ ಬದು ಒಡೆಯುತ್ತದೆ. ಬೆನ್ನುಹುರಿಯಲ್ಲೂ ಆಗುವುದು ಇವೆರಡೇ. ಕೆಲವರಲ್ಲಿ ಸುತ್ತಲಿನ ನರಕೋಶಗಳಿಗೆ ರಕ್ತ ಸಾಲದೆ ಕಾಲು ನಿಧಾನವಾಗಿ ಸೋಲುತ್ತದೆ. ನಿಮ್ಮ ಮಗಳಿಗಾದಂತೆ ಇನ್ನು ಕೆಲವರಲ್ಲಿ ಒತ್ತಡ ತಾಳದ ತೆಳು ಗೋಡೆ ಒಂದು ದಿನ ಒಡೆಯುತ್ತದೆ.

ವಿಕಿರಣವು ಈ ಗಂಟನ್ನು ಸುಡುವುದಿಲ್ಲ, ಕತ್ತರಿಸುವುದೂ ಇಲ್ಲ. ಗುರಿಯಿಟ್ಟು ಬಿಟ್ಟ ಕಿರಣಗಳು ಆ ವಿಕಾರ ನಾಳಗಳ ಒಳಪದರದ ಕೋಶಗಳಿಗೆ ಪೆಟ್ಟು ಕೊಡುತ್ತವೆ. ಪೆಟ್ಟು ತಿಂದ ಪದರ ವಾಸಿಯಾಗುವ ಭರದಲ್ಲಿ ದಪ್ಪವಾಗುತ್ತಾ, ನಾಳದ ಒಳದಾರಿಯನ್ನು ತಿಂಗಳಿಂದ ತಿಂಗಳಿಗೆ ಕಿರಿದು ಮಾಡುತ್ತಾ, ಕೊನೆಗೆ ಮುಚ್ಚಿಬಿಡುತ್ತದೆ. ಇದಕ್ಕೆ ಎರಡರಿಂದ ಮೂರು ವರ್ಷ ಬೇಕು. ಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನ ಗಂಟು ಹಿಂದಿನಂತೆಯೇ ಇರುತ್ತದೆ ಮತ್ತು ಪೂರ್ತಿ ಮುಚ್ಚುವವರೆಗೆ ರಕ್ತ ಸೋರುವ ಸಾಧ್ಯತೆಯೂ ಉಳಿದಿರುತ್ತದೆ. ಇದನ್ನು ಸ್ಪಷ್ಟವಾಗಿ ಹೇಳದೆ ಕಳುಹಿಸಿದ ಮನೆಯವರು ಮೂರನೇ ತಿಂಗಳ ಸ್ಕ್ಯಾನ್ ನೋಡಿ ಎದೆಗುಂದುವುದನ್ನು ಕಂಡಿದ್ದೇನೆ. ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಮಿದುಳಿನ ಎವಿಎಂಗೆ ಈ ವಿಧಾನ ಬಳಕೆಗೆ ಬಂದು ದಶಕಗಳೇ ಕಳೆದಿವೆ. ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ ಅವರು 1951ರಲ್ಲಿ ರೇಡಿಯೋಸರ್ಜರಿ, ಅಂದರೆ ಕೊಯ್ಯದೆ ಗುರಿಯಿಟ್ಟ ಕಿರಣಗಳಿಂದಲೇ ಚಿಕಿತ್ಸೆ ಮಾಡುವ ಕಲ್ಪನೆಯನ್ನು ಮುಂದಿಟ್ಟರು. ಅವರ ಗಾಮಾ ನೈಫ್ ಯಂತ್ರದಲ್ಲಿ ರೋಗಿಯ ತಲೆಗೆ ಲೋಹದ ಚೌಕಟ್ಟನ್ನು ಬಿಗಿಯಬೇಕಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಗಾಮಾ ನೈಫ್ ಇದೆ, ಆದರೆ ಅದು ತಲೆಗೆ ಮೀಸಲಾದ ಯಂತ್ರ, ಬೆನ್ನಿನ ನಡುಭಾಗಕ್ಕೆ ಒದಗುವುದಿಲ್ಲ. ಲೆಕ್ಸೆಲ್ ಅವರ ಬಳಿ ಕಲಿತ ಅಮೆರಿಕದ ಜಾನ್ ಆಡ್ಲರ್ ಅವರು, ಚೌಕಟ್ಟಿಲ್ಲದೆ, ಚಿಕಿತ್ಸೆಯ ನಡುನಡುವೆ ಎಕ್ಸ್‌ರೇ ತೆಗೆದು ಮೂಳೆಯ ಸ್ಥಾನವನ್ನು ಗುರುತಿಸಿಕೊಂಡು, ರೋಬೋ ತೋಳಿನಿಂದ ಕಿರಣ ಬಿಡುವ ಸೈಬರ್‌ನೈಫ್ ಅನ್ನು ರೂಪಿಸಿದ ಮೇಲೆಯೇ ಬೆನ್ನುಹುರಿಯ ಗಂಟಿಗೂ ಇದನ್ನು ಪ್ರಯತ್ನಿಸುವುದು ಸಾಧ್ಯವಾಯಿತು. ಇಂದು ಚಿತ್ರ ನೋಡಿಕೊಂಡು ಗುರಿಯಿಡುವ ಇತರ ಲೀನಿಯರ್ ಆಕ್ಸಿಲರೇಟರ್ ಯಂತ್ರಗಳಲ್ಲೂ ಇದನ್ನು ಮಾಡಬಹುದು.

ಫಲಿತಾಂಶವನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ಆಡ್ಲರ್ ಅವರಿದ್ದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡವು 1997ರಿಂದ 2005ರವರೆಗೆ ಬೆನ್ನುಹುರಿಯ ಒಳಗಿನ ಎವಿಎಂ ಇದ್ದ 15 ಮಂದಿಗೆ ಚಿಕಿತ್ಸೆ ಕೊಟ್ಟು, ಅದರ ವಿವರವನ್ನು 2006ರಲ್ಲಿ ಪ್ರಕಟಿಸಿತು. ಎರಡರಿಂದ ಐದು ಬೈಠಕ್‌ಗಳಲ್ಲಿ, ಅಂದರೆ ಅಷ್ಟು ಸಲವಾಗಿ ಹಂಚಿ, ಗಂಟಿನ ಅಂಚಿಗೆ ಸರಾಸರಿ 20.5 ಗ್ರೇ (ಗ್ರೇ ಎಂಬುದು ವಿಕಿರಣದ ಪ್ರಮಾಣದ ಅಳತೆ) ವಿಕಿರಣ ಕೊಟ್ಟಿದ್ದರು. ಮೂರು ವರ್ಷ ದಾಟಿದ್ದ ಏಳು ಮಂದಿಯಲ್ಲಿ ಆರು ಮಂದಿಯ ಗಂಟು ಗಮನಾರ್ಹವಾಗಿ ಕುಗ್ಗಿತ್ತು. ಮತ್ತೆ ಆಂಜಿಯೋಗ್ರಾಮ್ (ರಕ್ತನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ನಾಳಗಳ ಎಕ್ಸ್‌ರೇ ಚಿತ್ರ) ಮಾಡಿಸಿಕೊಂಡ ಐವರಲ್ಲಿ ಒಬ್ಬರಿಗೆ ಮಾತ್ರ ಅದು ಸಂಪೂರ್ಣ ಮುಚ್ಚಿತ್ತು. ಆ ಅವಧಿಯಲ್ಲಿ ಯಾರಿಗೂ ಮತ್ತೆ ರಕ್ತಸ್ರಾವ ಆಗಲಿಲ್ಲ, ವಿಕಿರಣದಿಂದ ಯಾರ ಕಾಲೂ ಕೆಡಲಿಲ್ಲ. ಈ ಅಂಕಿಗಳಲ್ಲಿ ಭರವಸೆ ಇದೆ, ಅದಕ್ಕೊಂದು ಮಿತಿಯೂ ಇದೆ. 15 ಜನರ ಅನುಭವದಿಂದ ಯಾರೂ ಖಾತರಿ ಕೊಡಲಾರರು. ಕೊಟ್ಟರೆ ಅಂಥ ಮಾತನ್ನು ನಂಬಬೇಡಿ.

ಪೂರ್ತಿ ಮುಚ್ಚುವಷ್ಟು ಹೆಚ್ಚು ವಿಕಿರಣವನ್ನು ಏಕೆ ಕೊಡುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ಬೆನ್ನುಹುರಿಯ ದಪ್ಪ ಹೆಚ್ಚೆಂದರೆ ನಮ್ಮ ಕಿರುಬೆರಳಿನಷ್ಟು. ಅದರೊಳಗೆ ಗಂಟು ಮತ್ತು ಕಾಲಿಗೆ ಹೋಗುವ ನರತಂತುಗಳು ಒಂದಕ್ಕೊಂದು ಅಂಟಿಕೊಂಡಿವೆ. ದಿನಕ್ಕೆ 2 ಗ್ರೇ ಯಂತೆ ಹಲವು ವಾರ ಹರಡಿ ಕೊಟ್ಟರೆ ಬೆನ್ನುಹುರಿ 45ರಿಂದ 50 ಗ್ರೇವರೆಗೆ ತಾಳಿಕೊಳ್ಳುತ್ತದೆ. ಒಂದೇ ಸಲಕ್ಕೆ ಕೊಡುವುದಾದರೆ ಅದಕ್ಕೆ ತಗಲುವ ಪ್ರಮಾಣ 13–14 ಗ್ರೇ ದಾಟದಂತೆ ನೋಡಿಕೊಳ್ಳಬೇಕು. ಮಿತಿ ಮೀರಿದರೆ ಆರು ತಿಂಗಳಿಂದ ಕೆಲವು ವರ್ಷಗಳ ನಂತರ ನರತಂತುಗಳೇ ಸಾಯುವ ವಿಕಿರಣ ಮೈಲೋಪತಿ ಬರಬಹುದು. ಬಂದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವ ಔಷಧಿಯಿಲ್ಲ. ಬೆನ್ನುಹುರಿಗೆ ಎರಡರಿಂದ ಐದು ಬೈಠಕ್‌ಗಳಾಗಿ ಒಡೆದು ಕೊಡುವುದರ ಹಿಂದಿರುವುದು ಈ ಎಚ್ಚರ.

ಚಿಕಿತ್ಸೆ ನೋಯುವುದಿಲ್ಲ. ಮೊದಲು ಮೈಯ ಅಚ್ಚಿಗೆ ಹೊಂದುವ ಮೆತ್ತೆಯಲ್ಲಿ ಮಲಗಿಸಿ ಸಿಟಿ ಸ್ಕ್ಯಾನ್ ತೆಗೆದು, ಅದರ ಮೇಲೆ ಎಂಆರ್‌ಐ ಮತ್ತು ಆಂಜಿಯೋಗ್ರಾಮ್ ಚಿತ್ರಗಳನ್ನು ಹೊಂದಿಸಿ, ಗಂಟಿನ ಗಡಿಯನ್ನು ವೈದ್ಯರು ಪದರ ಪದರವಾಗಿ ಬರೆದುಕೊಳ್ಳುತ್ತಾರೆ. ಈ ಗಡಿ ಬರೆಯುವ ಕೆಲಸವೇ ಇಡೀ ಚಿಕಿತ್ಸೆಯ ಜೀವಾಳ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಪ್ರತಿ ಬೈಠಕ್‌ನಲ್ಲಿ ಸುಮಾರು ಒಂದು ಗಂಟೆ ಅಲುಗದೆ ಮಲಗಿರಬೇಕು. ತಲೆಕೂದಲು ಉದುರುವುದಿಲ್ಲ. ಮೈಯಲ್ಲಿ ವಿಕಿರಣ ಉಳಿದು ಮನೆಯವರಿಗೆ ತಗಲುವುದೂ ಇಲ್ಲ, ಚಿಕಿತ್ಸೆ ಮುಗಿಸಿ ಬಂದ ಸಂಜೆ ಅವಳು ಪುಟ್ಟ ಮಗುವನ್ನು ಎತ್ತಿಕೊಂಡರೂ ತೊಂದರೆಯಿಲ್ಲ.

ಮದುವೆಗೆ ಈ ಚಿಕಿತ್ಸೆ ಅಡ್ಡಿಯಲ್ಲ. ಗಂಟು ಹೆಗಲ ಮಟ್ಟದಲ್ಲಿರುವುದರಿಂದ ಅಂಡಾಶಯಗಳಿಗೆ ತಲುಪುವ ವಿಕಿರಣ ತೀರ ಅಲ್ಪ. ಆದರೆ ಆಂಜಿಯೋಗ್ರಾಮ್ ಮತ್ತು ವಿಕಿರಣದ ಸಮಯದಲ್ಲಿ ಗರ್ಭ ಇರಕೂಡದು. ಗಂಟು ಮುಚ್ಚುವ ಮೊದಲು ಬಸುರಿಯಾಗುವ ವಿಚಾರವನ್ನು ನರರೋಗ ತಜ್ಞರು ಮತ್ತು ಪ್ರಸೂತಿ ತಜ್ಞರು ಇಬ್ಬರೊಡನೆಯೂ ಕುಳಿತು ಮಾತನಾಡಿಯೇ ತೀರ್ಮಾನಿಸಬೇಕು. ಇದನ್ನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಮೈ ಅವಳದ್ದು, ಮೂರು ವರ್ಷ ಕಾಯಬೇಕಾದವಳೂ ಅವಳೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: ನರಶಸ್ತ್ರವೈದ್ಯರು, ಕೊಳವೆ ಹಾಕಿ ಅಂಟು ತುಂಬುವ ತಜ್ಞರು ಮತ್ತು ವಿಕಿರಣ ತಜ್ಞರು ಮೂವರೂ ಒಟ್ಟಿಗೆ ಆ ಆಂಜಿಯೋಗ್ರಾಮ್ ನೋಡಿದ್ದಾರೆಯೇ? ಉಳಿದಿರುವ ಗಂಟನ್ನು ಇನ್ನೊಮ್ಮೆ ಅಂಟು ತುಂಬಿ ಮುಚ್ಚಬಹುದಾದರೆ, ಅಥವಾ ಅದು ಹುರಿಯ ಹಿಂಬದಿಯ ಮೇಲ್ಮೈಗೆ ಬಂದಿದ್ದು ಪಳಗಿದ ಕೈಗೆ ಸಿಗುವಂತಿದ್ದರೆ, ಅವೇ ಮೊದಲ ದಾರಿಗಳು. ಇವೆರಡೂ ಆಗದ, ಸಣ್ಣದಾದ, ಅಡಕವಾದ ಗಂಟಿಗೆ ವಿಕಿರಣ ನಿಜವಾಗಿ ಒದಗಿಬರುತ್ತದೆ.

ಪ್ರಶ್ನೆ: ನನಗೆ 62 ವರ್ಷ, ಗೋಣಿಕೊಪ್ಪಲಿನ ಬಳಿ ಕಾಫಿ ತೋಟವಿದೆ. ಒಂದೂವರೆ ವರ್ಷದಿಂದ ಗದ್ದೆಯಿಂದ ಮನೆಯ ಏರು ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತದೆ. ಸೊಂಟದ ಡಿಸ್ಕ್ ಎಂದು ಬಹಳ ದಿನ ಚಿಕಿತ್ಸೆ ಆಯಿತು. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮರುದಿನ ಕಾಲು ಇನ್ನೂ ಸೋತು, ಮೂತ್ರ ಕಟ್ಟಿತು. ಈಗ ಡ್ಯೂರಲ್ ಫಿಸ್ಟುಲಾ ಎಂದಿದ್ದಾರೆ, ಆಪರೇಷನ್ ಹೇಳಿದ್ದಾರೆ. ಬೆನ್ನು ಕೊಯ್ಯಿಸುವ ಬದಲು ವಿಕಿರಣ ಕೊಡಿಸಿಕೊಳ್ಳಬಹುದೇ?

ಉತ್ತರ: ಬೇಡ. ನಿಮ್ಮ ಕಾಯಿಲೆಗೂ ಮೇಲಿನ ಪತ್ರದ ಹೆಣ್ಣುಮಗಳ ಕಾಯಿಲೆಗೂ ಹೆಸರಿನಲ್ಲಿ ನಂಟಿದ್ದರೂ ಸ್ವಭಾವ ಬೇರೆ. ಡ್ಯೂರಲ್ ಫಿಸ್ಟುಲಾದಲ್ಲಿ ಗಂಟೇ ಇಲ್ಲ. ಬೆನ್ನುಹುರಿಯ ಹೊರಗವಚದಲ್ಲಿ, ನರದ ಬೇರು ಹೊರಬರುವ ಜಾಗದಲ್ಲಿ, ಅಪಧಮನಿಯೊಂದು ಅಭಿಧಮನಿಗೆ ನೇರವಾಗಿ ತೂತು ಬಿದ್ದಂತೆ ಸೇರಿಕೊಂಡಿರುತ್ತದೆ. ಅಲ್ಲಿಂದ ಹಿಮ್ಮುಖವಾಗಿ ನುಗ್ಗುವ ರಕ್ತದಿಂದ ಹುರಿಯ ಮೇಲಿನ ಅಭಿಧಮನಿಗಳು ಉಬ್ಬಿ, ಹೊರಗೆ ಹೋಗಬೇಕಾದ ರಕ್ತ ಹೋಗಲಾಗದೆ ಹುರಿ ಊದಿಕೊಳ್ಳುತ್ತದೆ. ಬೆನ್ನುಹುರಿಯ ರಕ್ತನಾಳ ದೋಷಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ, ಅದೂ 50 ದಾಟಿದ ಗಂಡಸರಲ್ಲಿ. ಬಹಳ ಕಾಲ ಶಸ್ತ್ರವೈದ್ಯರು ಆ ಉಬ್ಬಿದ ಅಭಿಧಮನಿಗಳೇ ರೋಗವೆಂದು ತಿಳಿದು ಅವನ್ನೇ ಕಿತ್ತು ತೆಗೆಯುತ್ತಿದ್ದರು. 1977ರಲ್ಲಿ ಲಂಡನ್ನಿನ ಕೆಂಡಾಲ್ ಮತ್ತು ಲೋಗ್ ಎಂಬ ವೈದ್ಯರು ದೋಷವಿರುವುದು ಹೊರಗವಚದ ಆ ಒಂದು ಬಿಂದುವಿನಲ್ಲಿ, ಅದನ್ನಷ್ಟೇ ಮುಚ್ಚಿದರೆ ಸಾಕು ಎಂದು ತೋರಿಸಿದರು. ನಿಮಗೆ ಹೇಳಿರುವ ಶಸ್ತ್ರಚಿಕಿತ್ಸೆ ಅದೇ: ಸೂಕ್ಷ್ಮದರ್ಶಕದಡಿಯಲ್ಲಿ ಒಂದು ಅಭಿಧಮನಿಯನ್ನು ಅದು ಹೊರಗವಚ ದಾಟಿ ಒಳಬರುವ ಜಾಗದಲ್ಲಿ ಕಟ್ಟಿ ಕತ್ತರಿಸುವುದು. ಹೆಚ್ಚಿನವರಲ್ಲಿ ಇದು ಒಂದೇ ಸಲಕ್ಕೆ ಶಾಶ್ವತವಾಗಿ ಮುಚ್ಚುತ್ತದೆ. ಕೆಲವರಿಗೆ ಕೊಳವೆಯಿಂದ ಅಂಟು ತುಂಬಿಯೂ ಮುಚ್ಚಬಹುದು. ಅಂದೇ ಮುಚ್ಚಬಹುದಾದ ತೂತನ್ನು ವಿಕಿರಣ ಕೊಟ್ಟು ಎರಡು ವರ್ಷ ತೆರೆದಿಟ್ಟರೆ, ಆ ಎರಡು ವರ್ಷದಲ್ಲಿ ಕಾಲು ಹೋಗುತ್ತದೆ.

ಸ್ಟೀರಾಯ್ಡ್ ಕೊಟ್ಟ ಬಳಿಕ ನಿಮಗೆ ಆದದ್ದು ಆಕಸ್ಮಿಕವಲ್ಲ. ಈ ಕಾಯಿಲೆಯಲ್ಲಿ ಸ್ಟೀರಾಯ್ಡಿನಿಂದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಾಲು ಇನ್ನಷ್ಟು ಸೋಲುವುದು ವೈದ್ಯಕೀಯದಲ್ಲಿ ಗೊತ್ತಿರುವ ಸಂಗತಿ. ಶಸ್ತ್ರಚಿಕಿತ್ಸೆಯಾಗುವವರೆಗೆ ಯಾವ ವೈದ್ಯರ ಬಳಿ ಹೋದರೂ ಇದನ್ನು ಮೊದಲು ಹೇಳಿ.

ನಿಮ್ಮ ಪತ್ರ ಓದಿದಾಗ ನನಗೆ ಒಂದು ಜೊತೆ ಚಪ್ಪಲಿ ನೆನಪಾಯಿತು. ವೃತ್ತಿಯ ಮೊದಲ ವರ್ಷಗಳಲ್ಲಿ, ನಾನಾಗ ಇದ್ದ ಆಸ್ಪತ್ರೆಗೆ ನಿಮ್ಮ ವಯಸ್ಸಿನವರೊಬ್ಬರು ಬಂದಿದ್ದರು. ಸೊಂಟದ ಎಂಆರ್‌ಐಯಲ್ಲಿ ಡಿಸ್ಕ್ ಸ್ವಲ್ಪ ಜರುಗಿತ್ತು, ಆ ವಯಸ್ಸಿನಲ್ಲಿ ಯಾರಿಗಾದರೂ ಇರುವಷ್ಟೇ. ನಾನು ಅದನ್ನೇ ಕಾರಣವೆಂದು ನಂಬಿ ಮಾತ್ರೆ, ವ್ಯಾಯಾಮ ಬರೆದು ಕಳುಹಿಸಿದೆ. ಆರು ತಿಂಗಳ ನಂತರ ಗಾಲಿಕುರ್ಚಿಯಲ್ಲಿ ಬಂದಾಗ ಅವರ ಹೆಂಡತಿ ಚೀಲದಿಂದ ಹವಾಯಿ ಚಪ್ಪಲಿ ತೆಗೆದು ತೋರಿಸಿದರು. ಎರಡರದ್ದೂ ಹೆಬ್ಬೆರಳಿನ ಜಾಗ ನೆಲಕ್ಕೆ ಉಜ್ಜಿ ಉಜ್ಜಿ ಸವೆದು ತೂತಾಗಿತ್ತು, ಹಿಮ್ಮಡಿ ಹೊಸದರಂತೆ ಇತ್ತು. ಪಾದ ಎತ್ತಲಾರದೆ ಎಳೆದುಕೊಂಡು ನಡೆದಿದ್ದರು. ದೋಷ ಇದ್ದದ್ದು ಎದೆಯ ಮಟ್ಟದಲ್ಲಿ, ನಾನು ನೋಡಿದ್ದು ಸೊಂಟದ ಚಿತ್ರ. ಅಂದಿನಿಂದ ನಡಿಗೆ ಸೋತವರ ಚಪ್ಪಲಿ ತಿರುಗಿಸಿ ನೋಡುವುದನ್ನು ನಾನು ಬಿಟ್ಟಿಲ್ಲ. ಏರು ಹತ್ತುವಾಗ ಕಾಲು ಸೋತು ನಿಂತರೆ ಸರಿಹೋಗುವುದು, ಕಾಲಿನಿಂದ ಚಪ್ಪಲಿ ಕಳಚಿಕೊಂಡರೂ ಗೊತ್ತಾಗದಿರುವುದು, ಬಚ್ಚಲಲ್ಲಿ ಬಿಸಿನೀರು ಒಂದು ಕಾಲಿಗೆ ಸುಟ್ಟು ಇನ್ನೊಂದಕ್ಕೆ ಬರಿ ಒದ್ದೆ ಅನ್ನಿಸುವುದು, ಜೊತೆಗೆ ಮೂತ್ರದ ತೊಂದರೆ: ಇವು ಇದ್ದರೆ ಸೊಂಟದ ಜೊತೆಗೆ ಇಡೀ ಬೆನ್ನುಹುರಿಯ ಎಂಆರ್‌ಐ ಬೇಕೆಂದು ಕೇಳಲು ಸಂಕೋಚಪಡಬೇಡಿ. ನಿಮ್ಮ ಶಸ್ತ್ರಚಿಕಿತ್ಸೆಯನ್ನು ಕಾಫಿ ಕೊಯ್ಲು ಮುಗಿಯಲಿ ಎಂದು ಮುಂದೂಡಬೇಡಿ. ಈಗ ನಡೆಯಬಲ್ಲವರು ಚಿಕಿತ್ಸೆಯ ನಂತರವೂ ನಡೆಯುವ ಸಾಧ್ಯತೆ ಹೆಚ್ಚು, ಹಾಸಿಗೆ ಹಿಡಿದ ಮೇಲೆ ಚೇತರಿಕೆ ಕಷ್ಟ.

ಪ್ರಶ್ನೆ: ಕುಶಾಲನಗರದ ನನ್ನ ತಮ್ಮನಿಗೆ ಬೆನ್ನುಹುರಿಯಲ್ಲಿ ಕ್ಯಾವರ್ನೋಮಾ ಇದೆ ಎಂದಿದ್ದಾರೆ. ಅದಕ್ಕೂ ಸೈಬರ್‌ನೈಫ್ ಆಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಕ್ಯಾವರ್ನೋಮಾ ಎಂದರೆ ರಕ್ತ ನಿಧಾನವಾಗಿ ನಿಂತು ಹರಿಯುವ, ನೇರಳೆ ಹಣ್ಣಿನ ಗೊಂಚಲಿನಂತೆ ಕಾಣುವ ಸಣ್ಣ ಚೀಲಗಳ ಗುಂಪು. ವೇಗದ ಹರಿವಿಲ್ಲದ್ದರಿಂದ ಆಂಜಿಯೋಗ್ರಾಮ್‌ನಲ್ಲಿ ಕಾಣುವುದಿಲ್ಲ, ಎಂಆರ್‌ಐಯಲ್ಲೇ ಗೊತ್ತಾಗುತ್ತದೆ. ಬೆನ್ನುಹುರಿಯ ಕ್ಯಾವರ್ನೋಮಾಕ್ಕೆ ವಿಕಿರಣದಿಂದ ಲಾಭವೆಂದು ಸಿದ್ಧವಾಗಿಲ್ಲ, ಹಾನಿಯ ಭಯ ಮಾತ್ರ ಉಳಿಯುತ್ತದೆ. ತೊಂದರೆ ಕೊಡದಿದ್ದರೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸುತ್ತಾ ಕಾಯುವುದು, ರಕ್ತ ಸೋರಿ ಕೈಕಾಲು ಕೆಡುತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಸುವುದು, ಇವೆರಡೇ ದಾರಿ.

ಪ್ರಶ್ನೆ: ನನಗೆ 37 ವರ್ಷ, ವಿರಾಜಪೇಟೆಯಲ್ಲಿ ಶಿಕ್ಷಕ. ಕುತ್ತಿಗೆಯ ಮಟ್ಟದ ಎವಿಎಂಗೆ ನಾಲ್ಕು ತಿಂಗಳ ಹಿಂದೆ ವಿಕಿರಣ ಕೊಟ್ಟರು. ಮೂರು ವಾರದಿಂದ, ಪುಸ್ತಕ ನೋಡಲು ತಲೆ ಬಗ್ಗಿಸಿದರೆ ಕುತ್ತಿಗೆಯಿಂದ ಕಾಲಿನವರೆಗೆ ಜುಂ ಎಂದು ಕರೆಂಟ್ ಹೊಡೆದಂತಾಗುತ್ತದೆ. ಹುರಿ ಸುಟ್ಟುಹೋಯಿತೇ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಇದನ್ನು ಲರ್ಮಿಟ್ ಲಕ್ಷಣ ಎನ್ನುತ್ತಾರೆ. ಕುತ್ತಿಗೆಯ ಹುರಿಗೆ ವಿಕಿರಣ ತಗಲಿದ ಕೆಲವು ತಿಂಗಳ ನಂತರ, ನರತಂತುಗಳ ಹೊದಿಕೆಯಾದ ಮಯಲಿನ್ ತಾತ್ಕಾಲಿಕವಾಗಿ ತೆಳುವಾದಾಗ ಇದು ಕಾಣಿಸಿಕೊಳ್ಳುತ್ತದೆ. ಹೊದಿಕೆ ಮತ್ತೆ ಬೆಳೆದಂತೆ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ವರ್ಷಗಳ ನಂತರ ಬರುವ ಶಾಶ್ವತ ಹಾನಿಯೇ ಇದು ಎಂದು ತಿಳಿಯಬೇಕಾಗಿಲ್ಲ. ಆದರೂ ಚಿಕಿತ್ಸೆ ಕೊಟ್ಟ ತಂಡಕ್ಕೆ ಈ ವಾರವೇ ತಿಳಿಸಿ, ಬೇಕೆಂದರೆ ಎಂಆರ್‌ಐ ಮಾಡಿಸಿ. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟುಕೊಳ್ಳಿ. ಕೈಯ ಹಿಡಿತ ಸಡಿಲವಾದರೆ, ಅಂಗಿಯ ಗುಂಡಿ ಹಾಕುವುದು ಕಷ್ಟವಾದರೆ, ಕಾಲು ಬಿಗಿದುಕೊಂಡರೆ ಅಥವಾ ಮೂತ್ರದ ಮೇಲಿನ ಹತೋಟಿ ತಪ್ಪಿದರೆ ವಾರದವರೆಗೂ ಕಾಯಬೇಡಿ.

ಪ್ರಶ್ನೆ: ನಾಪೋಕ್ಲು ಕಡೆಯ ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕ ನಾನು. ಬೆನ್ನಿನ ಗಂಟಿಗೆ ಎರಡು ತಿಂಗಳ ಹಿಂದೆ ವಿಕಿರಣ ಆಯಿತು. ಮೂರು ವರ್ಷ ಕಾಯಬೇಕಂತೆ. ಕರಿಮೆಣಸು ಕೊಯ್ಯಲು ಏಣಿ ಹತ್ತಬಹುದೇ? ಪದೇ ಪದೇ ಸ್ಕ್ಯಾನ್ ಮಾಡಿಸುವ ಶಕ್ತಿಯೂ ನನಗಿಲ್ಲ.

ಉತ್ತರ: ಏಣಿ ಬೇಡ. ಗಂಟು ಒಡೆಯುತ್ತದೆಂಬ ಕಾರಣಕ್ಕಿಂತ, ಸಿಲ್ವರ್ ಓಕ್ ಮರದ ಮೇಲೆ 20 ಅಡಿ ಎತ್ತರದಲ್ಲಿ ಕಾಲು ಹಠಾತ್ತನೆ ಸೋತರೆ ಏನಾಗುತ್ತದೆಂಬುದು ನನ್ನ ಚಿಂತೆ. ಉಸಿರು ಬಿಗಿಹಿಡಿದು ಎತ್ತುವ ಭಾರವೂ ಬೇಡ, ಅಂದರೆ ಕಾಫಿ ಮೂಟೆ ಹೊರಬೇಡಿ. ಕಣದಲ್ಲಿ ಒಣಗಿಸುವುದು, ಬೇರ್ಪಡಿಸುವುದು, ಗಿಡದಡಿಯ ಕೊಯ್ಲು, ಇವನ್ನು ಮಾಡಬಹುದು. ಮಲಬದ್ಧತೆಯಾಗದಂತೆ ನೋಡಿಕೊಳ್ಳಿ, ತಿಣುಕುವುದೂ ಒಂದು ಬಗೆಯ ಭಾರವೇ. ನಿಮ್ಮ ತೋಟದ ಯಜಮಾನರು ಈ ಅಂಕಣ ಓದುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ: ಮೂರು ವರ್ಷ ಇವರಿಗೆ ನೆಲದ ಮೇಲಿನ ಕೆಲಸ ಕೊಡಿ.

ಖರ್ಚಿನ ವಿಷಯದಲ್ಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಚಿಕಿತ್ಸೆ ಅದರಡಿ ಬರುತ್ತದೆ, ಶಿಫಾರಸು ಪತ್ರ ಹೇಗೆ ಎಂಬುದನ್ನು ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರನ್ನು ಕೇಳಿ. ಸಾಮಾನ್ಯವಾಗಿ ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ ಬೇಕಾಗುತ್ತದೆ, ಮೂರನೇ ವರ್ಷದ ಸುಮಾರಿಗೆ ಒಂದು ಆಂಜಿಯೋಗ್ರಾಮ್. ದಿನಾಂಕ ಕೊಡುವಾಗ ಜುಲೈ–ಆಗಸ್ಟ್ ಬಿಟ್ಟು ಕೊಡಿ ಎಂದು ಕೇಳಿಕೊಳ್ಳಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ನಿಮಗೆ ನೆನಪಿದ್ದೀತು. ಮಳೆಗಾಲದಲ್ಲಿ ಹಠಾತ್ತನೆ ಬೆನ್ನುನೋವು ಬಂದು ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ಮಂಗಳೂರೇ, ಮೈಸೂರೇ ಎಂದು ಯೋಚಿಸುತ್ತಾ ಮನೆಯಲ್ಲಿ ಕೂರಬೇಡಿ. 108ಕ್ಕೆ ಕರೆ ಮಾಡಿ ಮೊದಲು ಮಡಿಕೇರಿಗೆ ಬನ್ನಿ, ಯಾವ ದಾರಿ ತೆರೆದಿದೆಯೋ ಆ ಕಡೆ ಅವರು ಕಳುಹಿಸುತ್ತಾರೆ. ಚಿಕಿತ್ಸೆಯ ಸಾರಾಂಶದ ಒಂದು ಪ್ರತಿಯನ್ನು, ಎಷ್ಟು ಗ್ರೇ, ಎಷ್ಟು ಬೈಠಕ್, ಬೆನ್ನಿನ ಯಾವ ಮೂಳೆಯ ಮಟ್ಟ ಎಂಬುದು ಕಾಣುವಂತೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪಡಿತರ ಚೀಟಿಯ ಜೊತೆಗೇ ಇರಿಸಿಕೊಳ್ಳಿ.